ಕವಾಯತು ಅಂದ್ರೆ ಮುಖ ತಿರುಗಿಸುವವರಿಗೆ ವ್ಯಾಯಾಮ ಕಲಿಸುವುದು ಹೇಗೆ?

ಪ್ರಶ್ನೆ: ಸರ್, ನಾನು ದಾವಣಗೆರೆ ಕಡೆಯ ಒಂದು ಗೃಹರಕ್ಷಕ ದಳದ ಘಟಕದಲ್ಲಿ ಪ್ಲಟೂನ್ ಸಾರ್ಜೆಂಟ್. ನಮ್ಮಲ್ಲಿ 35 ಜನ ಇದ್ದಾರೆ, 20ರಿಂದ 48 ವಯಸ್ಸಿನವರು. ಅದರಲ್ಲಿ 8 ಜನ ಮಹಿಳೆಯರು. ಭಾನುವಾರದ ಕವಾಯತಿನ ಜೊತೆ ಈಗ ಮುಕ್ಕಾಲು ಗಂಟೆ ಪಿ.ಟಿ. ಕಡ್ಡಾಯ ಮಾಡಿದ್ದಾರೆ. ಮೂರು ತಿಂಗಳಿಗೆ ಪರೀಕ್ಷೆ: 10 ನಿಮಿಷದಲ್ಲಿ 1.6 ಕಿ.ಮೀ. ಓಟ, ಪುಶ್ ಅಪ್, ಸಿಟ್ ಅಪ್. ಹತ್ತು ಹನ್ನೆರಡು ಜನ ಬಿಟ್ಟರೆ ಯಾರೂ ಬರುತ್ತಿಲ್ಲ. ಒಬ್ಬರಿಗೆ ಮೊಣಕಾಲು ನೋವು, ಒಬ್ಬರಿಗೆ ಮದುವೆ. ಮೊದಲ ವಾರ ಓಡುವಾಗ ಒಬ್ಬ ವಾಂತಿ ಮಾಡಿಕೊಂಡ, ಉಳಿದವರು ನಕ್ಕರು. ಅವನು ಆಮೇಲೆ ಬಂದೇ ಇಲ್ಲ. ಇನ್ನೊಬ್ಬರು ನೇರವಾಗಿ ಕೇಳಿದರು: 'ನಾನೇನು ಮಿಲಿಟರಿಗೆ ಸೇರಿದ್ದೀನಾ ಸಾರ್ಜೆಂಟ್ರೇ?' ಬಾರದವರಿಗೆ ಡ್ಯೂಟಿ ಹಾಕಬೇಡಿ, ಬಂದವರಿಗೆ ಸರಿಯಾಗಿ ರಗಡಿಸಿ ಎಂದು ಮೇಲಿನವರು ಹೇಳುತ್ತಾರೆ. ನಾನು ಏನು ಮಾಡಲಿ?

ಉತ್ತರ:

ಮೊದಲು ಆ ವಾಂತಿ ಮಾಡಿಕೊಂಡವನ ಮನೆಗೆ ಹೋಗಿ ಬನ್ನಿ. ಈ ವಾರವೇ ಹೋಗಿ. ಯೂನಿಫಾರ್ಮ್ ಬೇಡ, ಹಾಜರಿ ಪುಸ್ತಕವೂ ಬೇಡ. 'ಆರೋಗ್ಯ ಹೇಗಿದೆ, ಅವತ್ತು ಏನು ತಿಂದು ಬಂದಿದ್ದೆ, ಹಿಂದಿನ ರಾತ್ರಿ ಎಷ್ಟು ಗಂಟೆಗೆ ಮಲಗಿದ್ದೆ' ಎಂದು ಕೇಳಿ. ಓಟದಲ್ಲಿ ವಾಂತಿ ಆಗುವುದು ದೊಡ್ಡ ವಿಷಯವಲ್ಲ. ಹೊಟ್ಟೆ ತುಂಬಾ ತಿಂದು ಬಂದರೂ ಆಗುತ್ತದೆ, ಏನೂ ತಿನ್ನದೆ ಬರೀ ಚಹಾ ಕುಡಿದು ಬಂದರೂ ಆಗುತ್ತದೆ. ತನ್ನ ತಾಕತ್ತಿಗಿಂತ ಜೋರಾಗಿ ಓಡಿದರಂತೂ ಆಗಿಯೇ ಆಗುತ್ತದೆ. ಅವನನ್ನು ಮನೆಯಲ್ಲಿ ಕೂರಿಸಿದ್ದು ವಾಂತಿ ಅಲ್ಲ, ಆ ನಗು. ನೀವು ಹೋಗಿ ಮಾತಾಡಿಸಿದ ಸುದ್ದಿ ಎರಡು ದಿನದಲ್ಲಿ ಇಡೀ ಪ್ಲಟೂನಿಗೆ ಗೊತ್ತಾಗುತ್ತದೆ. ನಿಮ್ಮ ಹತ್ತು ಭಾಷಣಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ನಾನು ಸೇನೆಯಲ್ಲಿ ಪಿ.ಟಿ. ಉಸ್ತಾದ್ ಆಗಿದ್ದವನು. ಟೆರಿಟೋರಿಯಲ್ ಆರ್ಮಿಯ ಶಿಬಿರಗಳಲ್ಲೂ ಕಲಿಸಿದ್ದೇನೆ. ಅದು ನಮ್ಮ ದೇಶದ ಅರೆಕಾಲಿಕ ಸೇನೆ. 1948ರ ಕಾಯ್ದೆಯಿಂದ ಬಂದದ್ದು. 1949ರ ಅಕ್ಟೋಬರ್ 9ರಂದು ಸಿ. ರಾಜಗೋಪಾಲಾಚಾರಿ ಅದನ್ನು ಉದ್ಘಾಟಿಸಿದರು. ಅಲ್ಲಿಗೆ ಬರುವವರು ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಸ್ವಂತ ಅಂಗಡಿಯಲ್ಲಿ ಇರುವವರು. ವರ್ಷದಲ್ಲಿ ಕೆಲವು ವಾರ ಮಾತ್ರ ಯೂನಿಫಾರ್ಮ್ ಹಾಕುತ್ತಾರೆ. ದೇಶಸೇವೆಯ ಆಸೆಯಿಂದ ಬಂದವರೇ, ಆದರೆ ಬೆಳಗ್ಗೆ ಐದೂವರೆಗೆ ಪಿ.ಟಿ. ಮೈದಾನದಲ್ಲಿ ನಿಂತಾಗ ಅವರ ಮುಖ ನೋಡಬೇಕಿತ್ತು! ಮೊದಲ ಎರಡು ದಿನ 'ಸಿಕ್ ರಿಪೋರ್ಟ್' ಮಾಡುವವರ, ಅಂದರೆ ಮೈ ಸರಿಯಿಲ್ಲ ಎಂದು ಬರೆಸುವವರ ಸಾಲು ಉದ್ದವಾಗಿರುತ್ತಿತ್ತು. ನೀವು ಬರೆದ ಮೊಣಕಾಲು, ಮದುವೆ ಎಲ್ಲ ನನಗೆ ಹೊಸದಲ್ಲ.

ಅಲ್ಲಿ ನಾನು ಕಂಡುಕೊಂಡದ್ದು ಇಷ್ಟು. ವಯಸ್ಸಾದ, ಸಂಸಾರ ಇರುವ, ಊರಲ್ಲಿ ನಾಲ್ಕು ಜನ ಮರ್ಯಾದೆ ಕೊಡುವ ಮನುಷ್ಯ ಸೋಮಾರಿತನದಿಂದ ತಪ್ಪಿಸಿಕೊಳ್ಳುವುದು ಕಡಿಮೆ. ತನಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವರ ಮುಂದೆ ಏದುಸಿರು ಬಿಡುತ್ತಾ ಕೊನೆಯವನಾಗಿ ಬರಬೇಕಲ್ಲ ಎಂಬುದೇ ಅವನ ಹೆದರಿಕೆ. ಅದನ್ನು ಬಾಯಿಬಿಟ್ಟು ಹೇಳುವುದಕ್ಕಾಗಲ್ಲ. ಹಾಗಾಗಿ ಮೊಣಕಾಲು ನೋವು ಎನ್ನುತ್ತಾನೆ. ಮೊದಲ ನಾಲ್ಕು ವಾರ ಯಾರಿಗೂ ಅವಮಾನ ಆಗದ ಹಾಗೆ ನೋಡಿಕೊಳ್ಳಿ. ನಿಮ್ಮ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಹೇಗೆ ಅಂತೀರಾ? ಒಂದು ಸೀಟಿ ಸಾಕು.

ಈಗ ನೀವು ಮಾಡಿಸುತ್ತಿರುವುದು ಎಲ್ಲರಿಗೂ ಒಂದೇ ದೂರ ಅಲ್ವಾ? ಹೈಸ್ಕೂಲ್ ಮೈದಾನಕ್ಕೆ ನಾಲ್ಕು ಸುತ್ತು ಎಂದರೆ ಚುರುಕಾದ ಹುಡುಗರು ಮುಗಿಸಿ ನೀರು ಕುಡಿದು ಹರಟೆ ಹೊಡೆಯುತ್ತಾ ನಿಂತಿರುತ್ತಾರೆ. ಉಳಿದವರು ಅವರ ಕಣ್ಣೆದುರೇ ಎರಡನೇ ಸುತ್ತು ಎಳೆಯುತ್ತಿರುತ್ತಾರೆ. ನಗು ಹುಟ್ಟುವುದೇ ಅಲ್ಲಿ. ಇದನ್ನು ಬಿಟ್ಟು ಎಲ್ಲರಿಗೂ ಒಂದೇ ಸಮಯ ಕೊಡಿ. ಕುಂದವಾಡ ಕೆರೆಯ ದಂಡೆಯಂಥ ನೇರ ದಾರಿ ಸಿಕ್ಕರೆ ಒಳ್ಳೆಯದು. ವಾಹನ ಓಡಾಡದ ಯಾವ ರಸ್ತೆಯಾದರೂ ಸರಿ. ಎಲ್ಲರೂ ಒಂದು ಗೆರೆಯಿಂದ ಹೊರಡಲಿ. ನಾಲ್ಕು ನಿಮಿಷಕ್ಕೆ ಸೀಟಿ ಊದಿ. ಸೀಟಿ ಕೇಳಿದ ಜಾಗದಲ್ಲೇ ತಿರುಗಿ, ಹೋದ ವೇಗದಲ್ಲೇ ವಾಪಸ್ ಬರಬೇಕು. ಓಡಬಲ್ಲವರು 700, 800 ಮೀಟರ್ ಹೋಗಿರುತ್ತಾರೆ. ನಡೆದುಕೊಂಡು ಹೋದವರು 350 ಮೀಟರ್ ಹೋಗಿರಬಹುದು. ತಿರುಗಿದ ಮೇಲೆ ನೋಡಿ, ಹಿಂದೆ ಉಳಿದಿದ್ದವರೇ ಈಗ ಮುಂದೆ ಇರುತ್ತಾರೆ! ಹುಡುಗರು ಅವರ ಹಿಂದಿನಿಂದ ಬರುತ್ತಾರೆ. ಗೆರೆ ಮುಟ್ಟುವಾಗ ಹೆಚ್ಚುಕಡಿಮೆ ಎಲ್ಲರೂ ಒಟ್ಟಿಗೆ. ಯಾರೂ ಕೊನೆಯವರಲ್ಲ, ಯಾರಿಗಾಗಿ ಯಾರೂ ಕಾಯುವುದಿಲ್ಲ.

ಇದರಲ್ಲಿ ಒಂದೇ ಒಂದು ತೊಂದರೆ ಬರುತ್ತದೆ. ಹುಡುಗರು ವಾಪಸ್ ಬರುವಾಗ ಜಿದ್ದಿಗೆ ಬಿದ್ದು ಜೋರು ಓಡುತ್ತಾರೆ. ಅದಕ್ಕೆ ಎಂಟು ನಿಮಿಷಕ್ಕೆ ಸರಿಯಾಗಿ ಗೆರೆ ಮುಟ್ಟಿದವರೇ ಸರಿ ಎಂದು ಹೇಳಿಡಿ. ಬೇಗ ಬಂದವರು ಹೋಗುವಾಗ ಮೈಗಳ್ಳತನ ಮಾಡಿದ್ದಾರೆ ಎಂದೇ ಅರ್ಥ. ಇನ್ನು, ಸೀಟಿ ಊದಿದಾಗ ಎಲ್ಲಿದ್ದರು ಎಂಬುದನ್ನು ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಲಿ. ಮೂರನೇ ಲೈಟ್ ಕಂಬ, ಆ ಬೇವಿನ ಮರ, ಹೀಗೆ. ಬಂದ ಮೇಲೆ ನಿಮ್ಮ ನೋಟ್‌ಬುಕ್‌ನಲ್ಲಿ ಅವರವರ ಹೆಸರಿನ ಮುಂದೆ ಅವರೇ ಬರೆಯಲಿ. ಅದನ್ನು ಗಟ್ಟಿಯಾಗಿ ಓದಬೇಡಿ. ನಾಲ್ಕನೇ ವಾರ ಮೂರನೇ ಕಂಬದವನು ಐದನೇ ಕಂಬ ಮುಟ್ಟಿರುತ್ತಾನೆ. ಅವನಿಗೆ ಅದು ಗೊತ್ತಿರುತ್ತದೆ, ನಿಮಗೂ ಗೊತ್ತಿರುತ್ತದೆ. ಅಷ್ಟು ಸಾಕು, ಅವನು ಮುಂದಿನ ಭಾನುವಾರ ಬರುತ್ತಾನೆ.

ವೇಗ ಎಷ್ಟಿರಬೇಕು ಎಂಬುದಕ್ಕೆ ವಾಚ್ ಬೇಡ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಜಾಸ್ತಿ ಆಯಿತು, ನಡೆಯಬೇಕು. ಆರಂಭದಲ್ಲಿ ಇದಕ್ಕಿಂತ ಜೋರಾಗಿ ಯಾರೂ ಓಡಬೇಕಿಲ್ಲ.

ಈಗ 'ರಗಡಿಸಿ' ಎಂಬ ಮಾತಿಗೆ ಬರುತ್ತೇನೆ. ಇಲ್ಲಿ ನಾನು ಸ್ವಲ್ಪ ಖಾರವಾಗಿಯೇ ಹೇಳಬೇಕು. ತಡವಾಗಿ ಬಂದವನಿಗೆ ನೂರು ಬಸ್ಕಿ, ಸಾಲು ತಪ್ಪಿದವನಿಗೆ ಫ್ರಂಟ್ ರೋಲ್, ಇವನ್ನು ದಯವಿಟ್ಟು ಮಾಡಿಸಬೇಡಿ. ಮೊದಲ ಕಾರಣ ಸರಳ. ಯಾವುದನ್ನು ಶಿಕ್ಷೆ ಎಂದು ಕಲಿಸುತ್ತೀರೋ ಅದನ್ನು ಮನೆಯಲ್ಲಿ ಯಾರೂ ತಾವಾಗಿ ಮಾಡುವುದಿಲ್ಲ. ದಾವಣಗೆರೆ ಕುಸ್ತಿಯ ಊರು. ಗರಡಿಮನೆಯಲ್ಲಿ ಬಸ್ಕಿ, ದಂಡ ಹೊಡೆಯುವುದೆಂದರೆ ಗೌರವದ ಕೆಲಸ. ಮಣ್ಣಿಗೆ ಕೈಮುಗಿದು ಸಾಮು ಶುರು ಮಾಡುತ್ತಾರೆ. ಅದೇ ಬಸ್ಕಿಯನ್ನು ನಾವು ಶಿಕ್ಷೆ ಮಾಡಿಬಿಟ್ಟರೆ ಹೇಗೆ?

ಎರಡನೇ ಕಾರಣ ಜೀವದ್ದು. ಅಭ್ಯಾಸವಿಲ್ಲದ ಮನುಷ್ಯನಿಗೆ ಒಂದೇ ದಿನ ನೂರು, ಇನ್ನೂರು ಬಸ್ಕಿ ಹೊಡೆಸಿದರೆ ತೊಡೆಯ ಸ್ನಾಯುಗಳು ಒಡೆದು, ಅವುಗಳೊಳಗಿನ ಪದಾರ್ಥ ರಕ್ತಕ್ಕೆ ಸೇರುತ್ತದೆ. ಅದು ಮೂತ್ರಪಿಂಡಕ್ಕೆ ಏಟು ಕೊಡುತ್ತದೆ. ವೈದ್ಯರು ಇದಕ್ಕೆ ರ‍್ಯಾಬ್ಡೊಮಯೊಲೈಸಿಸ್ ಎನ್ನುತ್ತಾರೆ. ಸಾಮಾನ್ಯ ಮೈಕೈ ನೋವಿಗೂ ಇದಕ್ಕೂ ವ್ಯತ್ಯಾಸ ನಿಮಗೆ ತಿಳಿದಿರಬೇಕು. ವ್ಯಾಯಾಮದ ಮಾರನೇ ದಿನ ನೋವು, ಬಿಗಿತ ಬರುವುದು ಸಹಜ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಆದರೆ ಸ್ನಾಯು ಊದಿಕೊಂಡು, ಕಾಲು ಮಡಿಸಲಾಗದಷ್ಟು ನೋವಿದ್ದು, ಮೂತ್ರ ಕೋಲಾ ಅಥವಾ ಕಡುಚಹಾ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬಾರದು, ಆಸ್ಪತ್ರೆಗೆ ಹೋಗಬೇಕು. ಬಿಸಿಲು, ನೀರು ಕಡಿಮೆ ಕುಡಿದದ್ದು, ಹಿಂದಿನ ರಾತ್ರಿಯ ಕುಡಿತ ಇವೆಲ್ಲ ಸೇರಿದರೆ ಅಪಾಯ ಇನ್ನೂ ಹೆಚ್ಚು. ಗಟ್ಟಿಮುಟ್ಟಾದ ಹುಡುಗರಿಗೂ ಇದು ಆಗುತ್ತದೆ. 'ಮಾಡು ಮಾಡು, ಏನಾಗಲ್ಲ' ಎಂದು ಮೇಲೆ ನಿಂತು ಎಣಿಸುವವರು ಇದ್ದಾಗಲೇ ಹೆಚ್ಚು ಆಗುತ್ತದೆ. ಹೊಸ ಎತ್ತನ್ನು ಮೊದಲ ದಿನವೇ ತುಂಬಿದ ಗಾಡಿಗೆ ಯಾವ ರೈತನೂ ಹೂಡುವುದಿಲ್ಲ.

ಹಾಗಾದರೆ ತಡವಾಗಿ ಬಂದವನಿಗೆ ಏನು? ತಡ ಎಂದು ಹಾಜರಿಯಲ್ಲಿ ಬರೆಯಿರಿ. ಕವಾಯತು ಮುಗಿದ ಮೇಲೆ ಒಬ್ಬನನ್ನೇ ಕರೆದು ಕಾರಣ ಕೇಳಿ. ಶಿಸ್ತಿಗೆ ಅಷ್ಟು ಸಾಕು.

'ನಾನೇನು ಮಿಲಿಟರಿಗೆ ಸೇರಿದ್ದೀನಾ' ಎಂದವರಿಗೆ ಉತ್ತರ ಕೊಡಲೇಬೇಕು. ಅದು ಉಡಾಫೆಯ ಪ್ರಶ್ನೆಯಲ್ಲ, ನ್ಯಾಯವಾದ ಪ್ರಶ್ನೆ. ಗೃಹರಕ್ಷಕ ದಳ ಹುಟ್ಟಿದ್ದು 1946ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ, ಗಲಭೆಯ ಕಾಲದಲ್ಲಿ ಪೊಲೀಸರಿಗೆ ನೆರವಾಗಲೆಂದು. ಅದಕ್ಕೇ ಡಿಸೆಂಬರ್ 6ರಂದು ದಿನಾಚರಣೆ ಮಾಡುತ್ತೀರಿ. 1962ರ ಚೀನಾ ಯುದ್ಧದ ನಂತರ ದೇಶದ ಎಲ್ಲ ಕಡೆ ಇದಕ್ಕೆ ಒಂದೇ ರೂಪ ಬಂತು. ನಮ್ಮ ರಾಜ್ಯದ ಗೃಹರಕ್ಷಕ ದಳದ ಕಾಯ್ದೆಯೂ 1962ರದೇ. ಅಂದರೆ ಅವರು ಹೇಳಿದ್ದು ಸರಿ, ಇದು ಮಿಲಿಟರಿ ಅಲ್ಲ. ನಾನಿದ್ದ ಕಾಲಕ್ಕೆ ಸೇನೆಯ ಜವಾನನ ಪರೀಕ್ಷೆಯಲ್ಲಿ 2.4 ಕಿ.ಮೀ. ಓಟ ಇತ್ತು. ಇನ್ನೊಂದು ಪರೀಕ್ಷೆಯಲ್ಲಿ ಬಂದೂಕು, ಸಾಮಾನು ಹೊತ್ತು 5 ಕಿ.ಮೀ. ಓಡಬೇಕಿತ್ತು, ಹಗ್ಗ ಹತ್ತಬೇಕಿತ್ತು, 9 ಅಡಿ ಹಳ್ಳ ಹಾರಬೇಕಿತ್ತು. ಅವನು ದಿನಾ ಬೆಳಗ್ಗೆ ಅದನ್ನೇ ಮಾಡುತ್ತಾನೆ, ಅದಕ್ಕೆ ಸಂಬಳವೂ ಇದೆ. ವಾರಕ್ಕೊಮ್ಮೆ ಬರುವ ನಿಮ್ಮವರಿಂದ ಅದನ್ನು ಕೇಳುವುದು ತಪ್ಪು.

ಹಾಗಾದರೆ ಅವರಿಗೆ ಏನು ಬೇಕು? ಅದನ್ನು ಅವರ ಬಾಯಿಂದಲೇ ಹೊರಡಿಸಿ. ಕಳೆದ ವರ್ಷದ ಡ್ಯೂಟಿಗಳಲ್ಲಿ ಮೈಗೆ ಕಷ್ಟವಾದದ್ದು ಯಾವುದು ಎಂದು ಕೇಳಿ ನೋಡಿ. ಗಣೇಶ ವಿಸರ್ಜನೆಯ ದಿನ ಮಧ್ಯಾಹ್ನ ನಿಂತವರು ನಡುರಾತ್ರಿವರೆಗೆ ಕೂರಲೇ ಇಲ್ಲ ಎನ್ನುತ್ತಾರೆ. ನಾಯಕನಹಟ್ಟಿ ಜಾತ್ರೆಯ ಬಂದೋಬಸ್ತಿಗೆ ಹೋದವರು ತೇರಿನ ಹೊತ್ತಿನ ನೂಕುನುಗ್ಗಲು ಹೇಳುತ್ತಾರೆ, ಮಾರ್ಚ್ ತಿಂಗಳ ಬಿಸಿಲು ಹೇಳುತ್ತಾರೆ. ತುಂಗಭದ್ರೆ ಉಕ್ಕಿದಾಗ ಹರಿಹರದ ತಗ್ಗು ಪ್ರದೇಶದಿಂದ ಮುದುಕರನ್ನು ಎತ್ತಿಕೊಂಡು ಬರಬೇಕಾಗುತ್ತದೆ. ಇವಕ್ಕೆ ಬೇಕಾದದ್ದು ಹೊತ್ತುಗಟ್ಟಲೆ ನಿಲ್ಲುವ ಕಾಲು, ನೋಯದ ಸೊಂಟ, ಒಬ್ಬರನ್ನು ಎತ್ತಿ ಐವತ್ತು ಮೀಟರ್ ಸಾಗಿಸುವ ತಾಕತ್ತು, ತುರ್ತಿಗೆ ಒಂದು ನೂರು ಮೀಟರ್ ಓಟ. ಆದ್ದರಿಂದ ನಿಮ್ಮ ಮುಕ್ಕಾಲು ಗಂಟೆಯಲ್ಲಿ ಕಾಲು ಗಂಟೆ ಇದಕ್ಕೇ ಇಡಿ. ಇಬ್ಬರು ಸೇರಿ ಸ್ಟ್ರೆಚರ್ ಹಿಡಿದು ನಡೆಯುವುದು, ಮರಳು ತುಂಬಿದ ಚೀಲ ಎತ್ತಿ ಇಡುವುದು, ಹಿಮ್ಮಡಿ ಎತ್ತಿ ಇಳಿಸುವುದು. 'ಇದು ಜಾತ್ರೆಗೆ' ಎಂದು ಹೇಳಿ ಮಾಡಿಸಿದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ.

ನಿಮ್ಮ 35 ಜನ ಉಳಿದ ಆರು ದಿನ ಏನು ಕೆಲಸ ಮಾಡುತ್ತಾರೆ ಎಂದು ನೀವು ಬರೆದಿಲ್ಲ. ಆದರೆ ದಾವಣಗೆರೆ ಎಂದ ಮೇಲೆ ಊಹಿಸಬಲ್ಲೆ. ಎಪಿಎಂಸಿಯ ಹಮಾಲಿ ಒಬ್ಬರಾದರೂ ಇರುತ್ತಾರೆ, ಆಟೊದವರು ಇರುತ್ತಾರೆ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು, ರಾತ್ರಿ ಪಾಳಿಯ ವಾಚ್‌ಮನ್, ಮೊಬೈಲ್ ಅಂಗಡಿಯ ಹುಡುಗ. ಇವರೆಲ್ಲರಿಗೂ ಒಂದೇ ವ್ಯಾಯಾಮ ಹೇಗೆ ಸರಿಹೋಗುತ್ತದೆ?

ಹಮಾಲಿ ದಿನಾ 50 ಕೆ.ಜಿ. ಚೀಲ ಬೆನ್ನ ಮೇಲೆ ಹೊರುತ್ತಾರೆ. ಅವರಿಗೆ ಚೀಲ ಎತ್ತುವುದನ್ನು ನೀವು ಕಲಿಸುವುದು ಬೇಡ. ಅವರಿಂದಲೇ ಉಳಿದವರಿಗೆ ಹೇಳಿಸಿ. ಓಟದಲ್ಲಿ ಹಿಂದೆ ಬೀಳುವ ಮನುಷ್ಯ ಇಲ್ಲಿ ಗುರು ಆಗುತ್ತಾರೆ, ಅದರ ಬೆಲೆ ದೊಡ್ಡದು. ಅವರಿಗೆ ಬೇಕಾದದ್ದು ಬೆನ್ನು, ಸೊಂಟ ಸಡಿಲ ಮಾಡುವ ವ್ಯಾಯಾಮ ಮತ್ತು ನಿಧಾನದ ಓಟ. ಆಟೊ ಓಡಿಸುವವರು ಇಡೀ ದಿನ ಕಾಲು ಮಡಿಸಿ ಕೂತಿರುತ್ತಾರೆ, ಸೊಂಟದ ಮುಂಭಾಗ ಬಿಗಿದಿರುತ್ತದೆ. ಅವರಿಗೆ ಓಟಕ್ಕೆ ಮೊದಲು ಕಾಲು ಚಾಚುವುದು, ಮುಂದೆ ಹೆಜ್ಜೆ ಇಟ್ಟು ಕೂರುವುದು ಮಾಡಿಸಿ. ಭಟ್ಟಿಯವರು ಬೆಂಕಿಯ ಮುಂದೆ ದುಡಿದು ಬೆವರು ಸುರಿಸಿ ಬಂದಿರುತ್ತಾರೆ, ಅವರಿಗೆ ಮೊದಲು ನೀರು. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ನೇರ ಮೈದಾನಕ್ಕೆ ಬಂದ ವಾಚ್‌ಮನ್ ಅವತ್ತು ಓಡಲೇಬಾರದು, ನಡೆದರೆ ಸಾಕು. ಮೊಬೈಲ್ ಅಂಗಡಿಯ ಹುಡುಗ ನೋಡಲು ತೆಳ್ಳಗಿರುತ್ತಾನೆ, 'ಇವನಿಗೇನು' ಎಂದುಕೊಳ್ಳುತ್ತೀರಿ. ನಾಲ್ಕು ಪುಶ್ ಅಪ್‌ಗೆ ಅವನ ತೋಳು ನಡುಗುತ್ತದೆ.

ಪುಶ್ ಅಪ್ ಬಾರದವರಿಗೆ ನೆಲದ ಮೇಲೆ ಹೊಟ್ಟೆ ಎಳೆಸಬೇಡಿ. ಗೋಡೆಗೆ ಕೈಕೊಟ್ಟು ಶುರು ಮಾಡಲಿ. ಹದಿನೈದು ಸಲೀಸಾದ ಮೇಲೆ ಜೀಪಿನ ಬಾನೆಟ್ ಎತ್ತರಕ್ಕೆ, ಆಮೇಲೆ ಮೈದಾನದ ಕಟ್ಟೆಯ ಎತ್ತರಕ್ಕೆ, ಕೊನೆಗೆ ನೆಲಕ್ಕೆ ಇಳಿಯಲಿ. ಬಸ್ಕಿಗೂ ಹಾಗೆಯೇ, ಮೊದಲು ಕುರ್ಚಿ ಅಥವಾ ಕಟ್ಟೆಗೆ ಕುಂಡಿ ತಾಗಿಸಿ ಎದ್ದೇಳುವುದು.

ಈಗ ಹನ್ನೆರಡು ವಾರದ ಲೆಕ್ಕ. ಮೊದಲ ನಾಲ್ಕು ವಾರದ ಓಟ ನಾನು ಹೇಳಿದ ಸೀಟಿಯ ಆಟವೇ. ಅದರ ಒಳಗೆ ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ. ಐದರಿಂದ ಎಂಟನೇ ವಾರ ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ, ನಾಲ್ಕು ಸಲ. ಒಂಬತ್ತನೇ ವಾರದಿಂದ ಹತ್ತು ಹನ್ನೆರಡು ನಿಮಿಷ ನಿಲ್ಲಿಸದೆ ಓಟ. ಒಂದು ವಾರ ತಪ್ಪಿಸಿದವರು ಹಿಂದಿನ ವಾರದ್ದನ್ನೇ ಮಾಡಲಿ, ಹಾರಿ ಮುಂದೆ ಹೋಗುವುದು ಬೇಡ. 400 ಮೀಟರ್ ಟ್ರ್ಯಾಕ್‌ನಲ್ಲಿ 1.6 ಕಿ.ಮೀ. ಎಂದರೆ ನಾಲ್ಕು ಸುತ್ತು. ಹತ್ತು ನಿಮಿಷಕ್ಕೆ ಮುಗಿಸಲು ಸುತ್ತಿಗೆ ಎರಡೂವರೆ ನಿಮಿಷ ಸಿಗುತ್ತದೆ. ಇದು ಅಬ್ಬರದ ಓಟವಲ್ಲ. ಸೇನಾ ಭರ್ತಿಗೆ ಬರುವ ಹುಡುಗರು ಇದೇ ದೂರವನ್ನು ಆರು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ನಿಮ್ಮವರಲ್ಲಿ ಬಹಳ ಜನ '1.6' ಎಂದ ಕೂಡಲೇ ಹೆದರುವುದು ಆ ಭರ್ತಿ ರ‍್ಯಾಲಿಯ ನೆನಪಿಗೆ. ಎರಡೂ ಬೇರೆ ಎಂದು ಲೆಕ್ಕ ಹಾಕಿ ತೋರಿಸಿ.

ಆದರೆ ಭಾನುವಾರ ಒಂದೇ ದಿನದಿಂದ ಇದು ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ಚಟುವಟಿಕೆ ಬೇಕು, ಜೊತೆಗೆ ಎರಡು ದಿನ ಸ್ನಾಯು ಬಲದ ವ್ಯಾಯಾಮ ಬೇಕು ಎನ್ನುತ್ತದೆ. ವಾರದ ನಡುವೆ ಎರಡು ದಿನ, ಇಪ್ಪತ್ತು ನಿಮಿಷವಾದರೂ ಮಾಡಲೇಬೇಕು. ಒಬ್ಬೊಬ್ಬರೇ ಮಾಡಿ ಎಂದರೆ ಮಾಡುವುದಿಲ್ಲ. ಒಂದೇ ಓಣಿಯ, ಒಂದೇ ಏರಿಯಾದ ಇಬ್ಬರು ಮೂವರನ್ನು ಜೋಡಿ ಮಾಡಿ. ಜೋಡಿಯನ್ನು ಅವರೇ ಆರಿಸಿಕೊಳ್ಳಲಿ. ಯಾವ ದಿನ, ಎಷ್ಟು ಗಂಟೆಗೆ ಎಂಬುದೂ ಅವರಿಗೇ ಬಿಟ್ಟಿದ್ದು. ಬರಬೇಕು ಎಂಬುದು ಕಡ್ಡಾಯ ಆದ ಕಡೆ, ಉಳಿದದ್ದರಲ್ಲಿ ಎಷ್ಟು ಆಯ್ಕೆ ಕೊಡಲು ಸಾಧ್ಯವೋ ಅಷ್ಟೂ ಕೊಡಿ. ತಾನೇ ಆರಿಸಿದ ಕೆಲಸವನ್ನು ಮನುಷ್ಯ ಸುಲಭಕ್ಕೆ ಬಿಡುವುದಿಲ್ಲ.

ಬೂಟಿನಲ್ಲಿ ಓಡಿಸಬೇಡಿ. ಕವಾಯತಿಗೆ ಬೂಟು, ಓಟಕ್ಕೆ ಕ್ಯಾನ್ವಾಸ್ ಅಥವಾ ಸ್ಪೋರ್ಟ್ಸ್ ಶೂ. ಮೊಣಕಾಲಿನ ಕೆಳಗೆ ಮುಂದಿನ ಮೂಳೆಯ ಉದ್ದಕ್ಕೂ ನೋವು ಎಂದರೆ ಓಟ ಬೇಗ ಹೆಚ್ಚಾಗಿದೆ ಎಂದರ್ಥ. ಡಾಂಬರು ಬಿಟ್ಟು ಮಣ್ಣಿನ ಮೇಲೆ ನಡೆಸಿ.

ಬಿಸಿಲಿನ ಮಾತು ಬೇರೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಮಾರ್ಚ್‌ನಿಂದ ಮೇ ಕಷ್ಟದ ಕಾಲ, ಚಳ್ಳಕೆರೆ, ಹಿರಿಯೂರು ಕಡೆಯಂತೂ ಕೇಳುವುದೇ ಬೇಡ. ಮೈ ಬಿಸಿಲಿಗೆ ಒಗ್ಗಲು ದಿನಾ ಬಿಸಿಲಲ್ಲಿ ಕೆಲಸ ಮಾಡಿದರೂ ಒಂದರಿಂದ ಎರಡು ವಾರ ಬೇಕು. ವಾರಕ್ಕೊಮ್ಮೆ ಬರುವವನ ಮೈ ಒಗ್ಗುವುದೇ ಇಲ್ಲ. ಅಂಗಡಿಯ ಫ್ಯಾನ್ ಕೆಳಗೆ ಕೂರುವವನನ್ನೂ ಹೊಲದಲ್ಲಿ ದುಡಿಯುವವನನ್ನೂ ಬಿಸಿಲಿನ ವಿಷಯದಲ್ಲಿ ಒಂದೇ ಎಂದು ನೋಡಬೇಡಿ. ಬೇಸಿಗೆಯಲ್ಲಿ ಪಿ.ಟಿ. ಮೊದಲು, ಕವಾಯತು ಆಮೇಲೆ. ಆರು ಗಂಟೆಗೆ ಶುರು ಮಾಡಿ, ಓಟ ಏಳರೊಳಗೆ ಮುಗಿಯಲಿ. ಒಬ್ಬ ಗೃಹರಕ್ಷಕ ಓಡುತ್ತಾ ಓಡುತ್ತಾ ತೂರಾಡಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ಮೈ ಕೆಂಡದಂತಿದ್ದರೆ ಅದು ಸುಸ್ತಲ್ಲ, ಉಷ್ಣಾಘಾತ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರಲಿ ಎಂದು ಕಾಯುತ್ತಾ ಕೂರಬೇಡಿ, ತಣ್ಣಗೆ ಮಾಡುವ ಕೆಲಸ ಆ ಕ್ಷಣವೇ ಶುರುವಾಗಬೇಕು. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯುತ್ತಲೇ ಇರಿ, ಗಾಳಿ ಬೀಸಿ. ಐಸ್ ಇದ್ದರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಮೈದಾನದಲ್ಲಿ ಎರಡು ಬಕೆಟ್ ನೀರು, ಒಂದು ಬೆಡ್‌ಶೀಟ್ ಇಲ್ಲದೆ ಬೇಸಿಗೆಯಲ್ಲಿ ಓಟ ಶುರುವೇ ಮಾಡಬೇಡಿ.

ಮೊಣಕಾಲು ನೋವು ಎಂದವರನ್ನು ನಂಬಿ. ಹತ್ತರಲ್ಲಿ ಇಬ್ಬರು ಸುಳ್ಳು ಹೇಳಬಹುದು, ಹೇಳಲಿ. 'ಸರಿ, ಓಡಬೇಡಿ, ಬನ್ನಿ, ನಡೆಯಿರಿ, ತೋಳಿನ ವ್ಯಾಯಾಮ ಮಾಡಿ' ಎಂದರೆ ಸುಳ್ಳಿಗೆ ಕಾರಣವೇ ಇರುವುದಿಲ್ಲ. ಪರೀಕ್ಷೆಗೆ ಮುಂಚೆ ಎಲ್ಲರ ಬಿ.ಪಿ., ಶುಗರ್ ಒಮ್ಮೆ ನೋಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತಾಡಿದರೆ ಒಂದು ಭಾನುವಾರ ಸಿಬ್ಬಂದಿಯನ್ನೇ ಮೈದಾನಕ್ಕೆ ಕಳಿಸಲೂಬಹುದು. ನಲವತ್ತು ದಾಟಿದವರು, ಮನೆಯಲ್ಲಿ ಹೃದಯದ ಕಾಯಿಲೆ ಇದ್ದವರು, ಬೀಡಿ ಸಿಗರೇಟು ಸೇದುವವರು ವೈದ್ಯರನ್ನು ಕೇಳದೆ ಪರೀಕ್ಷೆಯ ಓಟ ಓಡಬಾರದು. ಎದೆ ಹಿಂಡಿದಂತೆ, ತಲೆ ತಿರುಗಿದಂತೆ ಆದರೆ ನಿಲ್ಲಿಸುವುದು ಹೇಡಿತನವಲ್ಲ ಎಂದು ಪ್ರತಿ ವಾರ ಹೇಳಿ. ಜ್ವರ ಇದ್ದವರು, ಡೆಂಗಿಯಿಂದ ಈಗಷ್ಟೇ ಎದ್ದವರು ಓಡುವುದೇ ಬೇಡ. ಶನಿವಾರ ರಾತ್ರಿ ಕುಡಿದು ಬಂದವರೂ ಇರುತ್ತಾರೆ. ಬೈದರೆ ಮುಂದಿನ ವಾರ ಮುಚ್ಚಿಡುತ್ತಾರೆ, ಅದು ಇನ್ನೂ ಅಪಾಯ. 'ಇವತ್ತು ನಡಿಗೆ' ಎಂದು ಒಂದೇ ಮಾತು ಹೇಳಿ ಬಿಟ್ಟುಬಿಡಿ.

ನಿಮ್ಮ 8 ಜನ ಮಹಿಳೆಯರ ಬಗ್ಗೆ ನೀವು ಸಂಖ್ಯೆ ಬಿಟ್ಟು ಬೇರೇನೂ ಬರೆದಿಲ್ಲ. ಅವರಲ್ಲಿ ಎಷ್ಟು ಜನ ಬರುತ್ತಿದ್ದಾರೆ? ಬರುತ್ತಿಲ್ಲವಾದರೆ ಮೊದಲು ಮೈದಾನದಲ್ಲಿ ಬೀಗ ಹಾಕದ, ನೀರಿರುವ ಶೌಚಾಲಯ ಇದೆಯೇ ನೋಡಿ. ಇಲ್ಲದಿದ್ದರೆ ಅವರು ಬೆಳಗ್ಗೆಯಿಂದ ನೀರೇ ಕುಡಿಯದೆ ಬರುತ್ತಾರೆ, ಆ ಸ್ಥಿತಿಯಲ್ಲಿ ಓಡಿಸುವುದು ಅಪಾಯ. ರಸ್ತೆಯಲ್ಲಿ ಹೋಗುವವರು ನಿಂತು ನೋಡುವಂಥ ಜಾಗದಲ್ಲಿ ಸಿಟ್ ಅಪ್ ಮಾಡಿಸಬೇಡಿ. ಮುಟ್ಟಿನ ದಿನ ಏನು ಮಾಡಬಹುದು, ಏನು ಬಿಡಬಹುದು ಎಂಬುದನ್ನು ಅವರೇ ನಿರ್ಧರಿಸಲಿ, ನಿಮ್ಮ ಹತ್ತಿರ ಬಂದು ಅನುಮತಿ ಕೇಳುವಂತೆ ಆಗಬಾರದು. ಹೆರಿಗೆಯಾಗಿ ಕೆಲವೇ ತಿಂಗಳಾದವರಿಗೆ ವೈದ್ಯರ ಮಾತೇ ಅಂತಿಮ. ಅವರಲ್ಲಿ ಹಿರಿಯ ಒಬ್ಬರನ್ನು ಈ ಗುಂಪಿನ ಸೆಕ್ಷನ್ ಲೀಡರ್ ಮಾಡಿ, ವ್ಯಾಯಾಮದ ಹೊಣೆಯನ್ನು ಅವರಿಗೇ ಕೊಡಿ. ಮನೆಗೆಲಸ ಮುಗಿಸಿ ಆರು ಗಂಟೆಗೆ ಮೈದಾನಕ್ಕೆ ಬಂದ ಹೆಣ್ಣುಮಗಳು ನಿಮ್ಮ ಪ್ಲಟೂನಿನಲ್ಲಿ ಯಾರಿಗಿಂತ ಕಡಿಮೆ ಗಟ್ಟಿ ಅಲ್ಲ.

ಇನ್ನು ಬಾರದವರಿಗೆ ಡ್ಯೂಟಿ ಹಾಕದಿರುವ ವಿಷಯ. ಗೃಹರಕ್ಷಕರಿಗೆ ತಿಂಗಳ ಸಂಬಳ ಇಲ್ಲ, ಡ್ಯೂಟಿ ಮಾಡಿದ ದಿನಕ್ಕೆ ಭತ್ಯೆ. ಡ್ಯೂಟಿ ತೆಗೆದರೆ ಮನೆಯ ರೇಷನ್ನಿಗೇ ಕೈಹಾಕಿದಂತೆ. ಹಾಗೆಂದು ಬಾರದವರಿಗೆ ಹಾಜರಿ ಹಾಕಿ ಎಂದೂ ನಾನು ಹೇಳುವುದಿಲ್ಲ. ಸುಳ್ಳು ಹಾಜರಿ ಒಂದು ಸಲ ಶುರುವಾದರೆ ಪ್ರಾಮಾಣಿಕವಾಗಿ ಬರುವ ಹತ್ತು ಜನರನ್ನೂ ಕಳೆದುಕೊಳ್ಳುತ್ತೀರಿ. ನಿಮ್ಮ ಘಟಕಾಧಿಕಾರಿಗಳ ಹತ್ತಿರ ಹೀಗೆ ಮಾತಾಡಿ ನೋಡಿ: 'ಸರ್, ಬರುವುದು ಕಡ್ಡಾಯ ಇರಲಿ. ಎಷ್ಟು ಜೋರು ಓಡಬೇಕು ಎಂಬುದನ್ನು ಮೂರು ತಿಂಗಳು ನನಗೆ ಬಿಡಿ. ನಾಲ್ಕು ವಾರದಲ್ಲಿ ಹಾಜರಿ ಏರದಿದ್ದರೆ ನೀವು ಹೇಳಿದಂತೆ ಮಾಡೋಣ.' ಅಧಿಕಾರಿಗಳಿಗೆ ಬೇಕಾದದ್ದು ಹಾಜರಿ ಮತ್ತು ಫಲಿತಾಂಶ, ಬೈಗುಳ ಅಲ್ಲ. ಅದರ ಜೊತೆ ಎರಡು ಮನವಿ ಇಡಿ. ಹೋಟೆಲು, ಅಂಗಡಿಯವರಿಗೆ ಭಾನುವಾರವೇ ವ್ಯಾಪಾರದ ದಿನ, ಅವರಿಗೆ ವಾರದ ನಡುವೆ ಒಂದು ಬ್ಯಾಚ್ ಕೊಡಬಹುದೇ? ಹಾಗೆಯೇ, 20ರ ಹುಡುಗನಿಗೂ 48ರ ಮನುಷ್ಯನಿಗೂ ಒಂದೇ ಹತ್ತು ನಿಮಿಷ ಬೇಡ. ಸೇನೆಯಲ್ಲೂ ವಯಸ್ಸಿಗೆ ತಕ್ಕಂತೆ ಸಮಯ ಬೇರೆ ಇರುತ್ತದೆ. ದೊಡ್ಡವರಿಗೆ ಸುತ್ತಿಗೆ ಮೂರು ನಿಮಿಷದಂತೆ ಹನ್ನೆರಡು ನಿಮಿಷ ಕೇಳಿ ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ ಇಬ್ಬರು ಮೂವರು ಬರುವುದಿಲ್ಲ. ಮೂರು ಸಲ ಎದುರು ಕೂತು ಮಾತಾಡಿ. ನಿಜವಾಗಿ ಆಗದ ಪರಿಸ್ಥಿತಿ ಇದ್ದರೆ ಬರೆದು ಮೇಲಕ್ಕೆ ಕಳಿಸಿ. ಮನಸ್ಸೇ ಇಲ್ಲದಿದ್ದರೆ ನಿಯಮ ಏನು ಹೇಳುತ್ತದೋ ಹಾಗೆ ಆಗಲಿ, ಅದರಲ್ಲಿ ನಿಮಗೆ ಸಂಕೋಚ ಬೇಡ. ಬಂದವರಿಗೆ ನೀವು ಕೊಡುವ ಮರ್ಯಾದೆಯಲ್ಲಿ ಅದೂ ಸೇರಿದೆ.

ಮುಂದಿನ ಭಾನುವಾರಕ್ಕೆ ಇಷ್ಟು ಮಾಡಿ. ಹಿಂದಿನ ದಿನವೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿ: 'ನಾಳೆ ಪರೀಕ್ಷೆಯ ಓಟ ಇಲ್ಲ. ನಡೆಯಬಹುದು. ಬರುವ ಮುಂಚೆ ಒಂದು ಬಾಳೆಹಣ್ಣು ತಿನ್ನಿ, ನೀರು ಕುಡಿದು ಬನ್ನಿ.' ಸೀಟಿ, ನೋಟ್‌ಬುಕ್, ಎರಡು ಪೆನ್ನು ತನ್ನಿ. ಓಟ ಶುರುವಾಗುವ ಮುಂಚೆ ಒಂದೇ ಒಂದು ನಿಯಮ ಹೇಳಿ: ಇಲ್ಲಿ ಯಾರೂ ಯಾರನ್ನೂ ನೋಡಿ ನಗುವಂತಿಲ್ಲ, ನಾನೂ ಸೇರಿ. ಆಮೇಲೆ ನೀವು ಎಲ್ಲರಿಗಿಂತ ನಿಧಾನ ಇರುವವರ ಪಕ್ಕದಲ್ಲಿ, ಅವರ ವೇಗದಲ್ಲಿ ಹೋಗಿ. ಸೀಟಿಯನ್ನು ಬೇರೆ ಯಾರಾದರೂ ಊದಲಿ. ಪರೀಕ್ಷೆಯ ದಿನ ಯಾರಾದರೂ ಪಾಸಾಗದಿದ್ದರೆ ನಾಲ್ಕು ವಾರ ಬಿಟ್ಟು ಮತ್ತೊಂದು ಅವಕಾಶ ಇರುತ್ತದೆ ಎಂಬುದನ್ನು ಘಟಕಾಧಿಕಾರಿಗಳಿಂದ ಈಗಲೇ ಒಪ್ಪಿಸಿಕೊಂಡು, ಅದೇ ಭಾನುವಾರ ಎಲ್ಲರಿಗೂ ತಿಳಿಸಿಬಿಡಿ.